ನಾತಾಳದ ಪೆನ್‌ಡ್ರೈವ್

ನವೆಂಬರ್ ಮೂರನೇ ವಾರಕ್ಕೆ ಮಸ್ಕತ್‌ನಿಂದ ಗೆಳೆಯನ ಧ್ವನಿಸಂದೇಶ ಬರುತ್ತದೆ. ‘ಈ ಸಲ ಹೊಸ್ತು ಎಂತ ಬಂದದೆ ಮಾರಾಯ? ಒಂದಿಷ್ಟು ಆರಿಸಿ ಕಳ್ಸು.’ ಅವನು ಹೊನ್ನಾವರದ ಕೊಂಕಣಿ ಕ್ರೈಸ್ತ, ನಾನು ಅವನ ಪಕ್ಕದ ಮನೆಯವ. ಸಿಸ್ಟರುಗಳು ನಡೆಸುವ ಶಾಲೆಯಲ್ಲಿ ಒಟ್ಟಿಗೇ ಓದಿ, ಡಿಸೆಂಬರ್ ಬಂತೆಂದರೆ ಒಂದೇ ಸಾಲಿನಲ್ಲಿ ನಿಂತು ಹಾಡಿದವರು. ಅವನ ದನಿ ಒಡೆದು ಗಂಡಸಿನದಾಯಿತು, ನನ್ನದು ಒಡೆದದ್ದು ಒಡೆದ ಹಾಗೇ ಉಳಿಯಿತು. ಅಲ್ಲಿಂದ ಹಾಡುವವ ಅವನು, ಕೇಳಿ ತಕರಾರು ತೆಗೆಯುವವ ನಾನು. ನಾತಾಳಕ್ಕೆ, ಅಂದರೆ ಕ್ರಿಸ್ಮಸ್ಸಿಗೆ, ಊರಿಗೆ ಬರುವ ಯಾರದೋ ಕೈಯಲ್ಲಿ ಹಾಡುಗಳ ಪೆನ್‌ಡ್ರೈವ್ ಕೊಟ್ಟು ಕಳಿಸುವ ಪದ್ಧತಿ ಹೋಗಿ ಈಗ ಕೊಂಡಿಗಳನ್ನಷ್ಟೇ ಕಳಿಸುತ್ತೇನೆ. ಆದರೂ ನಾವಿಬ್ಬರೂ ಅದನ್ನು ಪೆನ್‌ಡ್ರೈವ್ ಎಂದೇ ಕರೆಯುವುದು.

ಕ್ಯಾಸೆಟ್ ಕಾಲದಲ್ಲಿ ಈ ಕೆಲಸ ಸುಲಭವಿತ್ತು. ಅಂಗಡಿಯಲ್ಲಿ ಇದ್ದದ್ದು ನಾಲ್ಕು, ಅದರಲ್ಲಿ ಎರಡನ್ನು ಆರಿಸಿದರೆ ಮುಗಿಯಿತು. ಈಗ ಆಲ್ಬಮ್ ಎಂಬ ಮಾತಿನ ಅರ್ಥವೇ ನಮ್ಮ ಕರಾವಳಿಯಲ್ಲಿ ಬದಲಾಗಿದೆ. ಹತ್ತು-ಹನ್ನೆರಡು ಹಾಡುಗಳ ಕಟ್ಟಿಗೆ ಯಾರೂ ಆಲ್ಬಮ್ ಎನ್ನುವುದಿಲ್ಲ. ಸಮುದ್ರದಂಡೆಯಲ್ಲಿ ಬಿಳಿ ಅಂಗಿ ತೊಟ್ಟು ಚಿತ್ರಿಸಿದ ಒಂದೇ ಒಂದು ವಿಡಿಯೊ ‘ಆಲ್ಬಮ್ ಸಾಂಗ್’ ಆಗುತ್ತದೆ. ಇಂಥವು ಪ್ರತಿ ಡಿಸೆಂಬರಿನಲ್ಲೂ ಮಂಗಳೂರಿನಿಂದ, ಗೋವಾದಿಂದ, ಬೆಂಗಳೂರಿನಿಂದ, ಕೊನೆಗೆ ಕುವೈತಿನಿಂದಲೂ ಬಂದು ಬೀಳುತ್ತವೆ. ಈ ಸಲ ಆರಿಸುವ ಮುಂಚೆ ಕುಮಟಾದಿಂದ ಭಟ್ಕಳದವರೆಗೆ ಗುರುತಿನ ಮನೆಗಳಲ್ಲಿ ಕೇಳುತ್ತ ಹೋದೆ: ಈಗ ಯಾವ ಹಾಡು ಹಾಕುತ್ತೀರಿ, ಹೊಸದರಲ್ಲಿ ಯಾವುದು ಉಳಿಯಿತು?

ಉತ್ತರ ಕೇಳಿದರೆ ಹೊಸಬರಿಗೆ ನಿರಾಸೆಯಾದೀತು. ನೆವ್ರಿಗೆ ಹೂರಣ ತುಂಬುವ, ಕುಲ್‌ಕುಲ್ ಸುತ್ತುವ ಅಡುಗೆಮನೆಗಳಲ್ಲಿ ಇವತ್ತಿಗೂ ಆಳುತ್ತಿರುವವರು ಇಬ್ಬರೇ, ಜಿಮ್ ರೀವ್ಸ್ ಮತ್ತು ಬೋನಿ ಎಮ್. ರೀವ್ಸ್‌ನ ಹನ್ನೆರಡು ಕ್ರಿಸ್ಮಸ್ ಹಾಡುಗಳ ತಟ್ಟೆ ಬಂದದ್ದು 1963ರಲ್ಲಿ. ಮರುವರ್ಷವೇ ಆತ ವಿಮಾನ ಅಪಘಾತದಲ್ಲಿ ಸತ್ತ. ಬೋನಿ ಎಮ್ ತಂಡದ ಕ್ರಿಸ್ಮಸ್ ಆಲ್ಬಮ್ 1981ರದ್ದು. ಅದರ ಹೆಸರುವಾಸಿ ಹಾಡು, ಮೇರಿಯ ಮಗುವಿನದು, ಅದಕ್ಕೂ ಮೂರು ವರ್ಷ ಮೊದಲೇ ಬಂದಿತ್ತು. ಅದನ್ನು ಮೊದಲು ಜನಪ್ರಿಯಗೊಳಿಸಿದವನು ಐವತ್ತರ ದಶಕದಲ್ಲಿ ಹ್ಯಾರಿ ಬೆಲಫಾಂಟೆ ಎಂಬುದು ನಮ್ಮಲ್ಲಿ ಯಾರಿಗೂ ಬೇಕಾಗಿಲ್ಲ. ಅದು ಬೋನಿ ಎಮ್ ಹಾಡು, ಅಷ್ಟೇ.

ಇವರಿಬ್ಬರೂ ಇಲ್ಲಿ ಬೇರುಬಿಟ್ಟದ್ದರ ಹಿಂದೆ ಗಲ್ಫ್ ಇದೆ, ಭಟ್ಕಳದ ಪೇಟೆ ಇದೆ. ದುಬೈಯಿಂದ ಬಂದ ಟೂ-ಇನ್-ವನ್, ಖಾಲಿ ಕ್ಯಾಸೆಟ್ಟು, ಸೆಂಟು, ಕಂಬಳಿ ಎಲ್ಲಕ್ಕೂ ಸುತ್ತಲಿನ ತಾಲೂಕಿನವರು ಹೋಗುತ್ತಿದ್ದದ್ದು ಭಟ್ಕಳಕ್ಕೇ. ನಮ್ಮ ಓಣಿಯ ಮೊದಲ ಟೇಪ್‌ರೆಕಾರ್ಡರೂ ಅಲ್ಲಿಂದಲೇ ಬಂತು. ಕೊಟ್ಟವರು ನವಾಯತ ಮುಸ್ಲಿಂ ಸಾಹುಕಾರರು. ಅವರ ಮನೆಮಾತು ನವಾಯತಿಯೂ ಕೊಂಕಣಿಯ ಬಳಗದ್ದೇ. ಯಂತ್ರ ಸರಿಯಿದೆಯೋ ನೋಡಲು ಗೆಳೆಯನ ತಂದೆ ಜೇಬಿನಿಂದ ಕೊಂಕಣಿ ಕ್ರಿಸ್ಮಸ್ ಕ್ಯಾಸೆಟ್ ತೆಗೆದು ಹಾಕಿದರಂತೆ. ಸಾಹುಕಾರರು ಅರ್ಧ ಹಾಡು ಕೇಳಿ, ‘ನಮ್ಗೂ ಮುಕ್ಕಾಲು ತಿಳೀತದಲ್ಲ’ ಎಂದು ನಕ್ಕರಂತೆ. ಭಟ್ಕಳ ಪಟ್ಟಣದಲ್ಲಿ ಕ್ರೈಸ್ತ ಮನೆಗಳು ಕಡಿಮೆ. ಆದರೆ ಕುಮಟಾ, ಹೊನ್ನಾವರ, ಭಟ್ಕಳ ಈ ಮೂರೂ ತಾಲೂಕಿನ ಕ್ರಿಸ್ಮಸ್ ಸಂಗೀತದ ಚರಿತ್ರೆಯಲ್ಲಿ ಆ ಪೇಟೆಯನ್ನು ಬಿಟ್ಟರೆ ಅರ್ಧ ಕಥೆ ಕಳೆದುಹೋಗುತ್ತದೆ.

ಇಂಗ್ಲಿಷಿನ ಹೊಸದಕ್ಕೆ ಬರೋಣ. ಹೊಸದು ಎಂದರೆ ನಮ್ಮಲ್ಲಿ ಹದಿನೈದು ವರ್ಷದೊಳಗಿನದು. ಮೈಕೆಲ್ ಬೂಬ್ಲೆಯ 2011ರ ‘ಕ್ರಿಸ್ಮಸ್’ ಎಲ್ಲ ಕಡೆ ಇದೆ. ಹೆಚ್ಚಿನವು ಹಳೆಯ ಹಾಡುಗಳೇ, ದೊಡ್ಡ ವಾದ್ಯವೃಂದದ ಮೇಲೆ ಎಣ್ಣೆ ಹಚ್ಚಿದಂತೆ ಜಾರುವ ದನಿ. ಕೇಳುವಾಗ ತಪ್ಪು ಹುಡುಕಲಾಗುವುದಿಲ್ಲ. ಮುಗಿದ ಮೇಲೆ ನೆನಪೂ ಉಳಿಯುವುದಿಲ್ಲ. ನೋರಾ ಜೋನ್ಸ್‌ಳ 2021ರ ಆಲ್ಬಮ್ ನನಗೆ ಇಷ್ಟವಾಯಿತು. ಪಂಡಿತ್ ರವಿಶಂಕರರ ಮಗಳು ಎಂದು ಹೇಳಿದ್ದಕ್ಕೆ ಕುಮಟಾದ ಒಬ್ಬರು ಗೌರವದಿಂದ ಎರಡು ಹಾಡು ಕೇಳಿದರು. ‘ಊಟ ಆದ್ಮೇಲೆ ಮಲಗೂಕೆ ಅಡ್ಡಿಲ್ಲ’ ಎಂದರು. ಶೆರ್ 2023ರಲ್ಲಿ ತಂದದ್ದು ಕುಣಿಯುವವರಿಗೆ ಸರಿ. ಸಿಯಾಳ 2017ರ ಆಲ್ಬಮ್ಮಿನ ಹಿಮಮಾನವನ ಹಾಡು ರೀಲ್ಸ್‌ಗಳ ದೆಸೆಯಿಂದ ನಮ್ಮ ಶಾಲೆಗಳಿಗೂ ನುಗ್ಗಿದೆ. ಡಿಸೆಂಬರಿನಲ್ಲೂ ಹಗಲಿಗೆ ಬೆವರು ಸುರಿಯುವ ಈ ದಂಡೆಯಲ್ಲಿ ಹತ್ತಿ ಅಂಟಿಸಿಕೊಂಡ ಮಕ್ಕಳು ಹಿಮದ ಬಗ್ಗೆ ಕುಣಿಯುವುದನ್ನು ನೋಡಿ ನಗಬಾರದು. ನಾವೂ 1857ರ ಜಿಂಗಲ್ ಬೆಲ್ಸ್‌ಗೆ ಕುಣಿದವರೇ; ಅದರಲ್ಲಿ ಹಿಮದ ಬಂಡಿ ಇದೆ, ಕುದುರೆ ಇದೆ, ಕ್ರಿಸ್ಮಸ್ ಎಂಬ ಮಾತು ಮಾತ್ರ ಇಲ್ಲ.

ಇವುಗಳಲ್ಲಿ ನಿಜವಾಗಿ ಉಪಯೋಗಕ್ಕೆ ಬಂದದ್ದು ಒಂದೇ, ಪೆಂಟಟಾನಿಕ್ಸ್ ಎಂಬ ಐವರ ತಂಡ 2014ರಲ್ಲಿ ತಂದದ್ದು. ವಾದ್ಯವೇ ಇಲ್ಲ, ಐದು ಗಂಟಲು ಮಾತ್ರ. ಹೊನ್ನಾವರದ ಹುಡುಗ ಹುಡುಗಿಯರು ಇದನ್ನು ಕೇಳಿ, ಒಬ್ಬ ತಗ್ಗು ಸ್ವರ ಹಿಡಿಯುವುದು, ಇನ್ನೊಬ್ಬ ಬಾಯಲ್ಲೇ ತಾಳ ಹೊಡೆಯುವುದು ಕಲಿತರು. ಮೂರು ತಿಂಗಳ ಅಭ್ಯಾಸದಲ್ಲಿ ಒಂದು ಹಾಡು ಪೂರ್ತಿ ನಿಂತಿತು. ಕೇಳಿದವರನ್ನು ಹಾಡಹಚ್ಚಿದ ಹೊಸ ಇಂಗ್ಲಿಷ್ ಆಲ್ಬಮ್ ನನಗೆ ಸಿಕ್ಕಿದ್ದು ಇದೊಂದೇ. ಶಿಲ್ಲಾಂಗ್ ಛೇಂಬರ್ ಕ್ವಾಯರ್ 2020ರಲ್ಲಿ ತಂದ ‘ಕಮ್ ಹೋಮ್ ಕ್ರಿಸ್ಮಸ್’ ಕೂಡ ಪೆನ್‌ಡ್ರೈವ್‌ಗೆ ಹಾಕಿದೆ. ನಮ್ಮ ದೇಶದಲ್ಲಿ ಇಷ್ಟು ಶಿಸ್ತಿನ ಗುಂಪುದನಿ ಬೇರೆಲ್ಲೂ ನಾನು ಕೇಳಿಲ್ಲ. ಆದರೆ ಅದನ್ನು ಹಾಡಲು ಹೋಗಬಾರದು. ಕೈ ಮುಗಿದು ಕೇಳಬೇಕು.

ಕೊಂಕಣಿಯದು ಬೇರೆಯೇ ಸಂಕಟ. ಕುಮಟಾ, ಹೊನ್ನಾವರ, ಭಟ್ಕಳ ಇರುವುದು ಎರಡು ದೊಡ್ಡ ಕೊಂಕಣಿ ಅಂಗಡಿಗಳ ನಡುವೆ: ಬಡಗಣಕ್ಕೆ ಗೋವಾ, ತೆಂಕಣಕ್ಕೆ ಮಂಗಳೂರು. ಬ್ರಿಟಿಷರು ಕೆನರಾವನ್ನು ಒಡೆದು 1862ರಲ್ಲಿ ನಮ್ಮ ಜಿಲ್ಲೆಯನ್ನು ಮುಂಬಯಿಗೆ ಸೇರಿಸಿದರು, ಮಂಗಳೂರು ಮದ್ರಾಸಿನಲ್ಲೇ ಉಳಿಯಿತು. ನಮ್ಮವರು ದುಡಿಯಲು ಮುಂಬಯಿಗೆ ಹೋದರು. ಅಲ್ಲಿ ಗೋವೆಯವರ ತಿಯಾತ್ರ್ ನಾಟಕ ನೋಡಿದರು, ಆಲ್ಫ್ರೆಡ್ ರೋಜ್, ಲೋರ್ನಾರ ಹಾಡು ಕಲಿತು ಬಂದರು. ಚರ್ಚಿನ ಆಡಳಿತವೂ ಹಾಗೇ. 1953ರಲ್ಲಿ ಬೆಳಗಾವಿ ಧರ್ಮಪ್ರಾಂತ್ಯ ಆಗುವ ತನಕ ಗೋವಾದ ಕಡೆಗೆ ಮುಖ, ಆಮೇಲೆ ಬೆಳಗಾವಿ, 1976ರಿಂದ ಕಾರವಾರದ್ದೇ ಸ್ವಂತ ಧರ್ಮಪ್ರಾಂತ್ಯ. ಆದರೆ ಓದುವ ಕಣ್ಣಿಗೆ ಅಭ್ಯಾಸವಾದದ್ದು ಕನ್ನಡ ಲಿಪಿ. ಅದರಲ್ಲಿ ಕೊಂಕಣಿ ಅಚ್ಚಾಗಿ ಬರುವುದು ಮಂಗಳೂರಿನಿಂದ. 1938ರಿಂದ ‘ರಾಕ್ಣೊ’ ವಾರಪತ್ರಿಕೆ ಇದೆ, ಹಾಡಿನ ಪುಸ್ತಕಗಳಿವೆ. ಗೋವೆಯ ಸ್ತೋತ್ರಗಳ ದೊಡ್ಡ ಸಂಗ್ರಹ ‘ಗಾಯನಾಂಚೊ ಝೆಲೊ’ ರೋಮಿ ಲಿಪಿಯದು. ಹೀಗಾಗಿ ನಮ್ಮಲ್ಲಿ ಕಿವಿ ಬಡಗಣಕ್ಕೆ, ಕಣ್ಣು ತೆಂಕಣಕ್ಕೆ.

ಅದಕ್ಕೇ ಇಲ್ಲಿ ಕೊಂಕಣಿ ಆಲ್ಬಮ್ ಬಗ್ಗೆ ಎರಡು ಪಂಗಡ. ಕುಮಟಾ ಕಡೆಯ ಹಿರಿಯರಿಗೆ ಗೋವೆಯದು ಬೇಕು. ಅದರಲ್ಲಿ ಪಿಟೀಲು ಇರುತ್ತದೆ, ಮಾಂಡೊ ಹಾಡಿನ ಎಳೆತ ಇರುತ್ತದೆ. ಮುರ್ಡೇಶ್ವರ, ಭಟ್ಕಳದ ಕಡೆ ಮಂಗಳೂರಿಗೆ ಹೆಚ್ಚು ಒಲವು. ವಿಲ್ಫಿ ರೆಬಿಂಬಸ್ (1942–2010) ತೋರಿಸಿಕೊಟ್ಟ ದಾರಿ ಅದು: ಮಾತು ಸ್ಪಷ್ಟ, ರಾಗ ನಾಲಗೆಗೆ ಹಗುರ, ಎರಡನೇ ಸಲಕ್ಕೇ ಬಾಯಿಗೆ ಬರಬೇಕು. ಈಗಿನ ಮಂಗಳೂರು ಆಲ್ಬಮ್‌ಗಳಲ್ಲಿ ಮಾತಿನ ಆ ಸ್ಪಷ್ಟತೆ ಉಳಿದಿದೆ. ಹಗುರತನ ಹೋಗಿದೆ. ಶುರುವಿಗೆ ಕೀಬೋರ್ಡಿನ ಗಂಟೆ, ಎರಡನೇ ಚರಣಕ್ಕೆ ಡ್ರಮ್, ಕೊನೆಯ ಪಲ್ಲವಿಗೆ ಅರ್ಧ ಸ್ವರ ಮೇಲೇರಿಸುವುದು. ಹತ್ತು ಹಾಡು ಕೇಳಿದರೆ ಹತ್ತಕ್ಕೂ ಇದೇ ಮೆಟ್ಟಿಲು. ಹಾಡುವವರು ಒಳ್ಳೆಯವರು, ಸ್ವರ ಶುದ್ಧ. ಆದರೆ ದನಿಯನ್ನು ಯಂತ್ರದಲ್ಲಿ ತೊಳೆದು ಇಸ್ತ್ರಿ ಮಾಡಿದ್ದರಿಂದ ಯಾರು ಹಾಡಿದರೆಂದು ಗೊತ್ತಾಗುವುದಿಲ್ಲ. ಗೋವೆಯ ಹೊಸ ಹಾಡುಗಳಲ್ಲಿ ಒಂದಿಷ್ಟು ಒರಟುತನ ಉಳಿದಿರುವುದರಿಂದ ನನ್ನ ಮತ ಈ ವರ್ಷ ಬಡಗಣಕ್ಕೆ. ಗೆಳೆಯ ಒಪ್ಪುವುದಿಲ್ಲವೆಂದು ಗೊತ್ತು. ಅವನ ಹೆಂಡತಿ ಮೂಡುಬಿದಿರೆಯವರು.

ಕೊಂಕಣಿಯ ಸೀಮೆಯಲ್ಲಿ ಕ್ರಿಸ್ತನ ಹುಟ್ಟನ್ನು ಹಾಡುವ ಕೆಲಸ ನಾಲ್ಕು ನೂರು ವರ್ಷ ಹಳೆಯದು. ಇಂಗ್ಲೆಂಡಿನಿಂದ ಗೋವೆಗೆ ಬಂದ ಜೆಸುಯಿಟ್ ತಾಮಸ್ ಸ್ಟೀಫನ್ಸ್ ಬರೆದ ‘ಕ್ರಿಸ್ತಪುರಾಣ’ 1616ರಲ್ಲಿ ರಾಯತೂರಿನಲ್ಲಿ ಅಚ್ಚಾಯಿತು. ಕೊಂಕಣಿ ಬೆರೆತ ಮರಾಠಿ, ಹತ್ತು ಸಾವಿರಕ್ಕೂ ಮಿಕ್ಕಿದ ಓವಿಗಳು. ಬೀಸುವ ಕಲ್ಲಿನ ಮುಂದೆ ಹೆಂಗಸರು ಹಾಡುವ ಧಾಟಿಯಲ್ಲಿ ಬೆತ್ಲೆಹೇಮಿನ ಕಥೆ. ಪೂಜೆಯ ಭಾಷೆ ಮಾತ್ರ ಲ್ಯಾಟಿನ್ನೇ ಆಗಿತ್ತು. 1963ರ ಡಿಸೆಂಬರಿನಲ್ಲಿ ಎರಡನೇ ವ್ಯಾಟಿಕನ್ ಸಮ್ಮೇಳನ ನಾಡಭಾಷೆಗಳಿಗೆ ಬಾಗಿಲು ತೆರೆದ ಮೇಲೆ, ಕೆಲವೇ ವರ್ಷಗಳಲ್ಲಿ ನೂರಾರು ಹಾಡು ಬೇಕಾದವು. ಅವಸರದಲ್ಲಿ ಹೊಲಿದ ಅಂಗಿ ಎಲ್ಲೋ ಬಿಗಿ, ಎಲ್ಲೋ ಸಡಿಲ ಆಗುವುದು ಸಹಜ. ಆಗಿನ ಕೆಲವು ಹಾಡುಗಳನ್ನೇ ಈಗಲೂ ಹೊಸ ವಾದ್ಯ ಹಚ್ಚಿ ಮತ್ತೆ ಮತ್ತೆ ತರುತ್ತಿದ್ದಾರೆ. ಬಿಗಿಯಾದಲ್ಲಿ ಯಾರೂ ಹೊಲಿಗೆ ಬಿಚ್ಚಿಲ್ಲ.

ಕನ್ನಡದ ಕ್ರಿಸ್ಮಸ್ ಹಾಡುಗಳಲ್ಲಿ ಈ ಹೊಲಿಗೆಯ ಸಮಸ್ಯೆ ಎದ್ದು ಕಾಣುತ್ತದೆ, ಮತ್ತು ನನಗೆ ಇದರ ಮೇಲೆ ಸ್ವಲ್ಪ ಹೆಚ್ಚು ಹೊತ್ತು ನಿಲ್ಲುವ ಚಪಲ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನ್ನಿನವರು ಜರ್ಮನ್ ಕೀರ್ತನೆಗಳನ್ನು ಅದೇ ರಾಗದಲ್ಲಿ ಹಾಡುವಂತೆ ಕನ್ನಡಕ್ಕೆ ತಂದರು. ಬಿ.ಎಂ.ಶ್ರೀ. ಅವರ ‘ಇಂಗ್ಲಿಷ್ ಗೀತಗಳು’ 1926ರದ್ದು. ಅದಕ್ಕಿಂತ ಎಷ್ಟೋ ಮೊದಲೇ ಕನ್ನಡ ಯುರೋಪಿನ ಹಾಡಿನ ಅಂಗಿ ತೊಟ್ಟು ನೋಡಿತ್ತು ಎನ್ನಬಹುದು. ತೊಂದರೆ ಎಲ್ಲಿ ಬಂತೆಂದರೆ, ಅಲ್ಲಿನ ಎಷ್ಟೋ ರಾಗಗಳು ತಾಳದ ಪೆಟ್ಟಿಗಿಂತ ಅರೆಗಳಿಗೆ ಮುಂಚೆ ಶುರುವಾಗುತ್ತವೆ. ಕನ್ನಡದ ಮಾತಿಗೆ ತೂಕ ಇರುವುದು ಮೊದಲಕ್ಷರದ ಮೇಲೆ. ಆ ಮೊದಲಕ್ಷರವೇ ತಾಳದ ಹೊರಗೆ ಬಿದ್ದರೆ ಹಾಡುವವನು ಎಡವುತ್ತಾನೆ. ಹ್ರಸ್ವ ದೀರ್ಘವಾಗುತ್ತದೆ, ‘ಮಗು’ ‘ಮಗೂ’ ಆಗಿ ಯಾರನ್ನೋ ಕರೆದ ಹಾಗಾಗುತ್ತದೆ. ಛಂದಸ್ಸು ಬಲ್ಲವರು ಇಂಥ ಕಡೆ ಸಾಲಿನ ಮೊದಲಿಗೆ ತಾಳದ ಹೊರಗೆ ನಿಲ್ಲುವ ಪದ್ಮಗಣ ಇಡಬಹುದಲ್ಲ ಎಂದಾರು. ಇಡಬಹುದು, ನವೋದಯದ ಕವಿಗಳು ಇಟ್ಟರು. ಕ್ರಿಸ್ಮಸ್ ಆಲ್ಬಮ್ ಬರೆಯುವವರ ಕಿವಿಗೆ ಅದು ತಲುಪಲಿಲ್ಲ. ‘ಅಡೆಸ್ತೆ ಫಿಡೆಲೆಸ್’ ಎಂಬ ಲ್ಯಾಟಿನ್ ಹಾಡಿನ ಕನ್ನಡ ರೂಪಗಳೆಲ್ಲ ಹೀಗೆ ಮೊದಲ ಹೆಜ್ಜೆಯಲ್ಲೇ ಮುಗ್ಗರಿಸುವುದನ್ನು ಕೇಳಿದ್ದೇನೆ. ಲಂಡನ್ನಿನ ಪೋರ್ಚುಗೀಸ್ ರಾಯಭಾರಿಯ ಪ್ರಾರ್ಥನಾಮಂದಿರದಲ್ಲಿ ಹಾಡುತ್ತಿದ್ದರೆಂದು ಅದಕ್ಕೆ ‘ಪೋರ್ಚುಗೀಸ್ ಕೀರ್ತನೆ’ ಎಂದೇ ಹೆಸರು ಬಿದ್ದಿತ್ತು. ಪೋರ್ಚುಗೀಸರ ಕೋಟೆ ಕಂಡ ಹೊನ್ನಾವರದಲ್ಲಾದರೂ ಅದು ಸರಾಗವಾಗಬೇಕಿತ್ತು ಎಂದು ಗೆಳೆಯ ಚೇಷ್ಟೆ ಮಾಡುತ್ತಾನೆ.

‘ಸೈಲೆಂಟ್ ನೈಟ್’ ಮಾತ್ರ ಕನ್ನಡದಲ್ಲಿ ಯಾರು ತಂದರೂ ಕೆಡುವುದಿಲ್ಲ. 1818ರ ಡಿಸೆಂಬರ್ 24ರಂದು ಆಸ್ಟ್ರಿಯದ ಓಬರ್ನ್‌ಡಾರ್ಫ್ ಎಂಬ ಸಣ್ಣ ಊರಿನಲ್ಲಿ ಪಾದ್ರಿ ಯೋಸೆಫ್ ಮೋರ್ ಮೊದಲೇ ಬರೆದಿಟ್ಟದ್ದಕ್ಕೆ ಶಾಲೆ ಮೇಷ್ಟ್ರು ಫ್ರಾನ್ಸ್ ಗ್ರೂಬರ್ ರಾಗ ಹಾಕಿ, ಮೋರ್‌ನ ಗಿಟಾರಿನ ಜೊತೆ ಇಬ್ಬರೂ ಹಾಡಿದ ಹಾಡು ಇದು. ಅದು ಹೊರಡುವುದು ತಾಳದ ಪೆಟ್ಟಿನ ಮೇಲೆಯೇ. ನಡೆಯುವುದು ಮೂರು ಮೂರು ಮಾತ್ರೆಯಲ್ಲಿ. ಕನ್ನಡಕ್ಕೆ ಇದು ಹೊಸತಲ್ಲ. ಮುಪ್ಪಿನ ಷಡಕ್ಷರಿಯ ತಿರುಕನ ಕನಸನ್ನು ಶಾಲೆಯಲ್ಲಿ ಬಾಯಿಪಾಠ ಮಾಡಿದವರಿಗೆಲ್ಲ ಆ ಭೋಗಷಟ್ಪದಿಯ ಮೂರರ ಎಣಿಕೆ ರಕ್ತದಲ್ಲಿದೆ. ಜೊತೆಗೆ ಅದು ಜೋಗುಳ. ತೊಟ್ಟಿಲು ತೂಗುವ ಲಯಕ್ಕೆ ಅನುವಾದಕ ಬೇಡ.

ಇನ್ನೊಂದು ದಾರಿಯೂ ಇತ್ತು. ನಿಘಂಟಿನ ಕಿಟೆಲ್ 1862ರಲ್ಲಿ ‘ಕಥಾಮಾಲೆ’ ಬರೆದು ಏಸುವಿನ ಬಾಳನ್ನು ಈ ನೆಲದ ಪದ್ಯಗಳಲ್ಲೇ ಹೇಳಿದ. ಆ ದಾರಿಯಲ್ಲಿ ಆಮೇಲೆ ಹೆಚ್ಚು ಜನ ನಡೆಯಲಿಲ್ಲ. ಬೆಂಗಳೂರಿನಿಂದ ಬರುವ ಈಗಿನ ಕನ್ನಡ ಆಲ್ಬಮ್‌ಗಳು ಒಂದೋ ಸಿನಿಮಾ ಭಕ್ತಿಗೀತೆಯ ಅಚ್ಚಿನವು, ಇಲ್ಲವೆ ಇಂಗ್ಲಿಷ್ ಆರಾಧನಾ ಗೀತೆಗಳ ಗಿಟಾರಿನವು. ಹೊನ್ನಾವರ ಯಕ್ಷಗಾನದ ಊರು. ಗುಣವಂತೆಯಲ್ಲಿ 1934ರಿಂದ ಕೆರೆಮನೆಯವರ ಮೇಳವಿದೆ. ನಮ್ಮ ಓಣಿಯಲ್ಲಿ ಹತ್ತು ಜನರಲ್ಲಿ ನಾಲ್ವರಿಗೆ ಭಾಗವತಿಕೆಯ ಧಾಟಿ ಗೊತ್ತು. ಆದರೂ ದೇವದೂತ ಕುರುಬರಿಗೆ ಸುದ್ದಿ ಹೇಳುವುದನ್ನು ಒಂದು ಒಳ್ಳೆಯ ಕನ್ನಡ ಆಲ್ಬಮ್ಮಿನಲ್ಲಿ ಭಾಗವತರ ದನಿಯಲ್ಲಿ ಕೇಳುವ ಭಾಗ್ಯ ನನಗಿನ್ನೂ ಬಂದಿಲ್ಲ.

ಈಗ ಗುಮಟೆಯ ವಿಷಯ. ಮಣ್ಣಿನ ಗಡಿಗೆ, ಒಂದು ಬಾಯಿಗೆ ಚರ್ಮ, ಇನ್ನೊಂದು ಬಾಯನ್ನು ಅಂಗೈಯಲ್ಲಿ ಮುಚ್ಚಿ ತೆರೆದು ದನಿ ಬದಲಿಸುವುದು. ಗೋವೆಯಲ್ಲಿ ಮಾಂಡೊ, ದುಲ್ಪೊದ್ ಹಾಡುಗಳಿಗೆ ಇದೇ ವಾದ್ಯ. ಅಲ್ಲಿನ ಸರ್ಕಾರ 2019ರಲ್ಲಿ ಇದನ್ನು ರಾಜ್ಯದ ಪರಂಪರೆಯ ವಾದ್ಯವೆಂದು ಸಾರಿತು. ಮಂಗಳೂರಿನಲ್ಲಿ ಇದನ್ನು ಮತ್ತೆ ವೇದಿಕೆಗೆ ತಂದದ್ದರಲ್ಲಿ ಮಾಂಡ್ ಸೊಭಾಣ್ ಸಂಸ್ಥೆಯ ಪಾಲು ದೊಡ್ಡದು. ನಮ್ಮಲ್ಲಿ ಇದು ಕ್ರೈಸ್ತರ ಮನೆಯಲ್ಲಿ ಮಾತ್ರ ಇರುವುದಲ್ಲ. ಕುಮಟಾ, ಅಂಕೋಲೆಯ ಹಾಲಕ್ಕಿ ಒಕ್ಕಲಿಗರ ಗುಮಟೆ ಪಾಂಗು ಕೇಳಿದವರಿಗೆ ಗೊತ್ತು, ಸುಗ್ಗಿಯ ಹೊತ್ತಿಗೆ ಅದರ ಸದ್ದು ಎಂಥದೆಂದು. ಹಿಂದೆ ಉಡದ ಚರ್ಮ ಬಿಗಿಯುತ್ತಿದ್ದರು. 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ಅದು ಅಪರಾಧ. ಈಗ ಆಡಿನ ಚರ್ಮ. ಮೊದಲಿನ ನಾದ ಇಲ್ಲ ಎಂದು ಹಳಬರು ಗೊಣಗುತ್ತಾರೆ, ಬಾರಿಸುವುದನ್ನೇನೂ ಬಿಟ್ಟಿಲ್ಲ.

ಆಲ್ಬಮ್ ಮಾಡುವವರಿಗೆ ಇಷ್ಟು ಹತ್ತಿರದ ವಾದ್ಯ ಕಾಣುವುದಿಲ್ಲ ಎಂಬುದು ನನ್ನ ದೊಡ್ಡ ತಕರಾರು. ಕ್ಯಾಥರಿನ್ ಡೇವಿಸ್ 1941ರಲ್ಲಿ ಬರೆದ ಪುಟ್ಟ ಡೋಲುಹುಡುಗನ ಹಾಡನ್ನೇ ತೆಗೆದುಕೊಳ್ಳಿ. ಮಗುವಿಗೆ ಕೊಡಲು ಏನೂ ಇಲ್ಲದ ಬಡಹುಡುಗ ತನ್ನ ಡೋಲು ಬಾರಿಸುತ್ತಾನೆ. ಬೋನಿ ಎಮ್‌ನವರೂ ಹಾಡಿದರು, ಪೆಂಟಟಾನಿಕ್ಸ್‌ನವರೂ ಹಾಡಿದರು. ನಮ್ಮ ಕೊಂಕಣಿ ರೂಪಗಳಲ್ಲಿ ಆ ಹುಡುಗ ರಿದಂ ಪ್ಯಾಡ್ ಬಾರಿಸುತ್ತಾನೆ! ಗುಮಟೆಯ ಒಂದು ಪೆಟ್ಟು ಬಿದ್ದರೆ ಆ ಹಾಡು ಶರಾವತಿ ದಂಡೆಯದಾಗುತ್ತಿತ್ತು. ಕುಮಟಾದ ಒಬ್ಬ ಸ್ಟುಡಿಯೊದವರನ್ನು ಕೇಳಿದೆ. ‘ಗುಮಟೆಗೆ ಮೈಕ್ ಇಡೂದು ಕಷ್ಟ ಮಾರಾಯ್ರೇ, ಪ್ಯಾಡಲ್ಲಿ ಗುಮಟೆ ಸೌಂಡೇ ಇದೆ, ಒತ್ತಿದ್ರಾಯ್ತು’ ಎಂದರು.

ಒತ್ತಿದರೆ ಆಗುವುದಿಲ್ಲ ಎನ್ನಲು ನನಗೊಂದು ಪುರಾವೆ ಸಿಕ್ಕಿತು. ಡಿಸೆಂಬರ್ ನಡುವೆ ಕ್ಯಾರಲ್ ತಂಡಗಳು ಮನೆಮನೆಗೆ ಹೊರಡುತ್ತವೆ. ಆಗಮನ ಕಾಲ ಮುಗಿಯುವ ತನಕ ಚರ್ಚಿನೊಳಗೆ ಗ್ಲೋರಿಯಾ ಏಳುವುದಿಲ್ಲ, ಹೊರಗೆ ಓಣಿಯಲ್ಲಿ ಹಬ್ಬ ಮೊದಲೇ ಶುರು. ಪಿಕಪ್ಪಿನ ಹಿಂದೆ ಸ್ಪೀಕರ್, ತಲೆಗೆ ಕೆಂಪು ಟೊಪ್ಪಿ, ಕ್ರಿಸ್ಮಸ್ ತಾತನಾದವನಿಗೆ ಹೊಟ್ಟೆಗೆ ದಿಂಬು. ಹೋದ ವರ್ಷ ಹೊನ್ನಾವರದ ಕಾಸರಕೋಡಿನ ಕಡೆ ಒಂದು ತಂಡದ ಜೊತೆ ನಾನೂ ಹೋಗಿದ್ದೆ. ಆ ಸಲದ ಹೊಸ ಆಲ್ಬಮ್ಮಿನ, ವಾದ್ಯ ಮಾತ್ರ ಇರುವ ಮೈನಸ್ ಟ್ರ್ಯಾಕ್ ಹಾಕಿಕೊಂಡು ಹಾಡುತ್ತಿದ್ದರು. ಏಳನೇ ಮನೆಯಂಗಳದಲ್ಲಿ ಸ್ಪೀಕರಿನ ಬ್ಯಾಟರಿ ಮುಗಿಯಿತು. ಹಾಡೂ ನಿಂತಿತು. ಹದಿನೆಂಟು ಜನ ಬಾಯಿ ತೆರೆದುಕೊಂಡೇ ಒಬ್ಬರ ಮುಖ ಒಬ್ಬರು ನೋಡಿದರು. ಮುಂದಿನ ಸಾಲು ಎಲ್ಲಿಂದ ಎತ್ತಬೇಕೆಂದು ಯಾರಿಗೂ ಗೊತ್ತಿಲ್ಲ, ಅರ್ಧ ಸ್ವರ ಮೇಲೇರುವ ಜಾಗ ಬೇರೆ ಅದು. ಮನೆಯ ಯಜಮಾನರು ಸಮಾಧಾನದಿಂದ ‘ಸಾಕು ಬಿಡಿ ಬಾಬಾ, ಚೊಲೊ ಆಯ್ತು’ ಎಂದು ಲಾಡು ಹಂಚಿದರು. ಎಂಟನೇ ಮನೆಗೆ ಬೋನಿ ಎಮ್ ಹಾಡಿದರು. ಟ್ರ್ಯಾಕ್ ಇಲ್ಲದೆ, ಚಪ್ಪಾಳೆಯಲ್ಲೇ. ಒಂಬತ್ತನೇ ಮನೆಯಲ್ಲಿ ಹಳೆಯ ಕೊಂಕಣಿಯದೊಂದು. ಒಬ್ಬ ಹುಡುಗ ಅವರದೇ ಹಿತ್ತಲಿನಿಂದ ಖಾಲಿ ಬಕೀಟು ತಂದು ಬಾರಿಸಿದ. ನಾನು ಫೋನ್ ತೆಗೆದು ಹಿಡಿದೆ.

ಅಂದಿನಿಂದ ಹೊಸ ಆಲ್ಬಮ್ ಬಂದರೆ ನಾನು ನೋಡುವುದು ಒಂದನ್ನೇ: ಬ್ಯಾಟರಿ ಹೋದ ಮೇಲೆ ಈ ಹಾಡು ನಿಲ್ಲುತ್ತದೆಯೇ? ಬೂಬ್ಲೆ ನಿಲ್ಲುವುದಿಲ್ಲ. ಶೆರ್ ಅಂತೂ ಕರೆಂಟಿನ ಮಗಳು. ಈ ವರ್ಷ ಬಂದ ಮಂಗಳೂರಿನ ಆಲ್ಬಮ್ ಸಾಂಗ್‌ಗಳಲ್ಲಿ ಎರಡು ನಿಂತವು, ಗೋವೆಯ ನಾಲ್ಕು, ಕನ್ನಡದ್ದು ಒಂದು. ಆ ಕನ್ನಡದ್ದೂ ಜೋಗುಳವೇ.

ಪೆನ್‌ಡ್ರೈವ್‌ನಲ್ಲಿ ಕೊನೆಗೆ ಹದಿನಾರು ಹಾಡು ಹೋದವು. ಹದಿನೇಳನೆಯದಾಗಿ, ಹೆಸರು ಹಾಕದೆ, ಬಕೀಟಿನ ಆ ಫೋನ್ ಧ್ವನಿಮುದ್ರಣ ಸೇರಿಸಿದ್ದೆ. ಶ್ರುತಿ ಇಲ್ಲ, ನಡುವೆ ಹೆದ್ದಾರಿಯ ಲಾರಿ, ಯಾರದೋ ಕೆಮ್ಮು. ವಾರದ ನಂತರ ಮಸ್ಕತ್‌ನಿಂದ ಉತ್ತರ ಬಂತು. ನೋರಾ ಜೋನ್ಸ್ ಬಗ್ಗೆ ಒಂದು ಮಾತಿಲ್ಲ, ಗೋವೆಯ ನಾಲ್ಕರ ಬಗ್ಗೆ ನಿರೀಕ್ಷಿಸಿದ ಬೈಗುಳ ಇತ್ತು. ಆಮೇಲೆ ಸ್ವಲ್ಪ ಹೊತ್ತು ಬರೀ ಏಸಿಯ ಸದ್ದು. ‘ಕಡೇದ್ರಲ್ಲಿ ನಾಯಿ ಬೊಗಳ್ತದಲ್ಲ, ಎರಡನೇ ಚರಣದ ಹತ್ರ. ಅದು ನಮ್ಮ ದೊಡ್ಡಮ್ಮನ ಮನೆದೇನ?’